ವಿಮಾನದ ರಾಯರ ಕಾಗೆ

ಆಕಾಶದಲ್ಲಿ ಏನು ಸದ್ದಾದರೂ ಅವರು ತಲೆಯೆತ್ತುತ್ತಿದ್ದರು. ಬಲಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ಬಾಯಿ ಒಂದಿಷ್ಟು ತೆರೆದು ನೋಡುತ್ತಿದ್ದರು. ಆಕಾಶದಲ್ಲಿ ಆಗದ ಸದ್ದಿಗೂ ಎತ್ತುತ್ತಿದ್ದರು. ಜಯಲಕ್ಷ್ಮಿಪುರಂನ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಯಾರ ಮನೆಯಲ್ಲಾದರೂ ಚಟ್ನಿಗೆ ಮಿಕ್ಸಿ ಹಾಕಿದರೆ ಸಾಕು, ಪಕ್ಕದ ಮನೆಯ ಜಗಲಿಯಲ್ಲಿ ಪೇಪರು ಓದುತ್ತಿದ್ದ ರಾಯರು ಪೇಪರು ಮಡಿಚಿಟ್ಟು ಅಂಗಳಕ್ಕೆ ಇಳಿದುಬಿಡುತ್ತಿದ್ದರು. ಒಳಗಿನಿಂದ ಅವರ ಹೆಂಡತಿಯ ದನಿ ಬರುತ್ತಿತ್ತು:

"ಮಿಕ್ಸಿ ಕಣ್ರೀ, ವಿಮಾನ ಅಲ್ಲ. ಬನ್ನಿ, ತಿಂಡಿ ಆರ್ತಿದೆ."

ಅವರ ಹೆಸರು ಬರೆಯುವುದು ಬೇಡವೆಂದು ಅಕ್ಕ ಹೇಳಿದ್ದಾರೆ. ರಾಯರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಬರೆದರೂ ಗೊತ್ತಾಗುವವರು ಕಡಿಮೆ. ಎಲ್ಲರಿಗೂ ಅವರು ವಿಮಾನದ ರಾಯರು. ಅವರು ಹೋಗಿ ವರ್ಷವಾಯಿತು. ಕಳೆದ ವಾರ ಮೊದಲ ವರ್ಷದ ತಿಥಿ ಆಯಿತು, ಅದರ ಕೊನೆಯ ಭಾಗ ಆದದ್ದು ನಮ್ಮ ಹಿತ್ತಲಿನಲ್ಲಿ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ನಮ್ಮ ಯಜಮಾನರದು ಹಾರ್ಡ್‌ವೇರ್ ಅಂಗಡಿ. ನಮ್ಮಲ್ಲಿ ಪಿಂಡ ಇಡುವುದಿಲ್ಲ, ಕಾಗೆಗೆ ಕಾಯುವುದೂ ಇಲ್ಲ. ಅಂಥವರ ಹಿತ್ತಲಿಗೆ ಅರಮನೆ ನೌಕರಿಯ ಬ್ರಾಹ್ಮಣರ ಪಿಂಡ ಯಾಕೆ ಬಂತು ಎಂದು ಬೀದಿಯವರೆಲ್ಲ ಕೇಳಿದರು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ರಾಯರ ತಂದೆ ಅರಮನೆಯಲ್ಲಿ ಕೆಲಸಕ್ಕಿದ್ದವರು. ಊರಾಚೆ ನಂಜನಗೂಡು ರಸ್ತೆಯ ಕಡೆಯ ಬಯಲಿನಲ್ಲಿ ಹಿಂದೆಂದೋ ಒಂದು ಪುಟ್ಟ ವಿಮಾನ ಇಳಿದಾಗ ಅವರು ಛತ್ರಿ ಹಿಡಿದಿದ್ದರಂತೆ. ಹಿಡಿದದ್ದು ವಿಮಾನದಿಂದ ಇಳಿದ ದೊಡ್ಡವರಿಗೆ. ಆದರೆ ರಾಯರು ಹೇಳುವಾಗ ವಿಮಾನಕ್ಕೇ ಹಿಡಿದಂತೆ ಇರುತ್ತಿತ್ತು. "ನಮ್ಮ ಅಣ್ಣಯ್ಯ ಛತ್ರಿ ಹಿಡಿದ್ರು ಕಣಮ್ಮ, ವಿಮಾನ ಒಂದು ಹನಿ ನೆನೀಲಿಲ್ಲ." ತಂದೆಯನ್ನು ಅವರ ಮನೆಯಲ್ಲಿ ಅಣ್ಣಯ್ಯ ಎನ್ನುತ್ತಿದ್ದರು. ಆಮೇಲೆ ಆ ಬಯಲಿನಲ್ಲಿ ದನ ಮೇಯ್ದವೇ ಹೊರತು ವಿಮಾನ ಇಳಿದದ್ದು ಅಪರೂಪ. ರಾಯರ ಲೆಕ್ಕದಲ್ಲಿ ಮೈಸೂರಿಗೆ ವಿಮಾನ ಬರಬೇಕಾದದ್ದು ಹೊಸದಾಗಿ ಅಲ್ಲ, ವಾಪಸ್ಸು.

ಅವರು ಸರ್ಕಾರಿ ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮನವಿ ಬರೆಯುವ ಕೈ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಕೈಗೆ ಬಿಡುವು ಬಂತು, ಅದರ ಹಿಂದೆಯೇ 'ಮೈಸೂರಿಗೆ ವಿಮಾನ ಬೇಕು ಸಮಿತಿ' ಬಂತು. ಸಮಿತಿ ಭಾನುವಾರ ಅವರ ಜಗಲಿಯಲ್ಲಿ ಸೇರುತ್ತಿತ್ತು. ಕುರ್ಚಿ ಸಾಲದೆ ನಮ್ಮ ಮನೆಯಿಂದ ಹೋಗುತ್ತಿದ್ದವು. ಕುರ್ಚಿಯ ಜೊತೆ ನಾನೂ ಹೋಗಿ ಅಡುಗೆಮನೆಯಲ್ಲಿ ಅಕ್ಕನಿಗೆ ವಡೆ ತಟ್ಟಿಕೊಡುತ್ತಿದ್ದೆ. ಹಾಗಾಗಿ ಮೈಸೂರಿನ ವೈಮಾನಿಕ ಭವಿಷ್ಯದ ಬಗ್ಗೆ ನನಗೆ ಗೊತ್ತಿರುವಷ್ಟು ದೆಹಲಿಯವರಿಗೂ ಗೊತ್ತಿರಲಿಕ್ಕಿಲ್ಲ.

ಸಭೆಗೆ ರಾಯರದು ಒಂದೇ ನಿಯಮ: "ಮೊದಲು ವಡೆ, ಆಮೇಲೆ ಮಿಕ್ಕಿದ್ದು." ತಟ್ಟೆ ಬಂದರೆ ಚಟ್ನಿಗೂ ಕಾಯುತ್ತಿರಲಿಲ್ಲ. ಮಾತು ನಡುವೆ ನಿಂತರೆ ನಿಲ್ಲಲಿ, ವಡೆಯನ್ನು ಎರಡು ಬೆರಳಲ್ಲಿ ಎತ್ತಿ, ತಲೆ ವಾರೆ ಮಾಡಿ ಒಮ್ಮೆ ನೋಡಿ, ಬಾಯಿಗೆ ಇಡುವರು. ಸಮಿತಿಯ ಖಜಾಂಚಿ ಲಾಡ್ಜ್ ಇಟ್ಟಿದ್ದವರು. ವಿಮಾನ ಬಂದರೆ ಅದರೊಳಗಿನವರೆಲ್ಲ ಸೀದಾ ತಮ್ಮ ಲಾಡ್ಜಿಗೇ ಇಳಿಯುತ್ತಾರೆ ಎಂದು ನಂಬಿದ್ದರು.

"ಸಾರ್, ಬೆಂಗಳೂರಿಂದ ಇಲ್ಲಿಗೆ ರೈಲಲ್ಲೇ ಮೂರು ಗಂಟೇಲಿ ಬರ್ತಾರಲ್ಲ, ವಿಮಾನ ಯಾಕೆ ಅಂತ ಕೇಳ್ತಾರೆ, ಏನು ಹೇಳೋಣ?" ಎಂದು ಅವರು ಒಮ್ಮೆ ಕೇಳಿದರು.

"ಅರಮನೆಗೆ ದೀಪ ಯಾಕೆ ಅಂತ ಯಾರಾದ್ರೂ ಕೇಳ್ತಾರೇನಯ್ಯ?" ಎಂದರು ರಾಯರು. ಖಜಾಂಚಿ ಅದನ್ನು ನಿರ್ಣಯವೆಂದೇ ಬರೆದುಕೊಂಡರು.

ತಾವು ಮಾತ್ರ ಜನ್ಮದಲ್ಲಿ ವಿಮಾನ ಹತ್ತಲಿಲ್ಲ. ಬೆಂಗಳೂರಿಗೆ ಹೋಗಿ ಹತ್ತಬಹುದಲ್ಲ ರಾಯರೇ ಎಂದರೆ, "ಬೆಂಗಳೂರಿಂದ ಹತ್ತೋದಾದ್ರೆ ನಾನ್ಯಾಕಮ್ಮ ಮೈಸೂರಲ್ಲಿ ಹುಟ್ಟಬೇಕಿತ್ತು?" ಎನ್ನುತ್ತಿದ್ದರು.

ಇದು ಅವರ ಒಂದು ಕಡೆ. ಇನ್ನೊಂದು ಕಡೆ ಕಾಗೆ.

ದಿನಾ ಮಧ್ಯಾಹ್ನ ಊಟಕ್ಕೆ ಮೊದಲು ರಾಯರು ಒಂದು ಹಿಡಿ ಅನ್ನಕ್ಕೆ ತುಪ್ಪ ಬೆರೆಸಿ ನಮ್ಮಿಬ್ಬರ ಮನೆಯ ನಡುವಿನ ಕಾಂಪೌಂಡಿನ ಮೇಲೆ ಇಡುತ್ತಿದ್ದರು. ಕೂಗುವ ರೀತಿಯೂ ಬೇರೆ. ಎಲ್ಲರ ಹಾಗೆ ಬರೀ ಕಾ ಕಾ ಅಲ್ಲ, "ಕಾ ಕಾ... ಬನ್ನಿ ಅಣ್ಣಯ್ಯ, ಹೊತ್ತಾಯ್ತು." ಕಾಗೆ ಬಂದು ಮುಟ್ಟುವವರೆಗೂ ಎಲೆಯ ಮುಂದೆ ಕೂರುತ್ತಿರಲಿಲ್ಲ. ವರ್ಷಕ್ಕೊಮ್ಮೆ ಅಣ್ಣಯ್ಯನ ತಿಥಿಯ ದಿನವಂತೂ ಪಂಚೆ ಒದ್ದೆ ಮಾಡಿಕೊಂಡು, ಪಿಂಡದ ಪಾಲು ಇಟ್ಟು, ಕೈಮುಗಿದು ನಿಂತಿರುವರು. ಅವತ್ತು ಕಾಗೆ ಮುಟ್ಟದೆ ಹೋದರೆ ಅಣ್ಣಯ್ಯ ಹಸಿದುಕೊಂಡು ಹೋದರು ಎಂದೇ ಅರ್ಥ. ಅಂಥದ್ದು ಒಮ್ಮೆಯೂ ಆಗಿರಲಿಲ್ಲ. ರಾಯರ ಅನ್ನ ತಿಂದ ಕಾಗೆಗಳು ನಮ್ಮ ಹಿತ್ತಲ ಹಲಸಿನ ಮರಕ್ಕೆ ಬಂದು ಕೂತು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೀರು ಕುಡಿದು, ನನ್ನ ಸೊಪ್ಪಿನ ಮಡಿಯನ್ನು ಕೆದಕಿ ಹೋಗುತ್ತಿದ್ದವು. ಅಣ್ಣಯ್ಯನವರಿಗೆ ಊಟ ಅಲ್ಲಿ, ಕೈ ತೊಳೆಯುವುದು ಇಲ್ಲಿ ಎಂದು ನಮ್ಮ ಯಜಮಾನರು ನಗುತ್ತಿದ್ದರು.

ವಿಮಾನ ಬರಬೇಕು, ಕಾಗೆ ಬರಬೇಕು. ರಾಯರಿಗೆ ಬದುಕಿನಲ್ಲಿ ಇದ್ದದ್ದು ಈ ಎರಡು ಆಸೆ. ಎರಡೂ ಬರಬೇಕಾದದ್ದು ಒಂದೇ ಆಕಾಶದಿಂದ ಎನ್ನುವುದು ಅವರಿಗೆ ಬಹಳ ಕಾಲ ಹೊಳೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ವಿಮಾನದ ಬಯಲು ದೊಡ್ಡದಾಗುತ್ತದೆ ಎಂಬ ಸುದ್ದಿ ಗಟ್ಟಿಯಾಯಿತು. ರಾಯರು ಬಾಡಿಗೆ ಮನೆ ಬಿಟ್ಟು ಬಯಲಿನ ಬೇಲಿಯ ಹತ್ತಿರವೇ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಜನ ಬಸ್ ಸ್ಟಾಪು ಹತ್ತಿರ, ಸ್ಕೂಲು ಹತ್ತಿರ ಎಂದು ನೋಡುತ್ತಾರೆ. ಇವರು ರನ್‌ವೇ ಹತ್ತಿರ ಎಂದು ನೋಡಿದರು. ಜಗಲಿಯಲ್ಲಿ ಕೂತರೆ ವಿಮಾನ ಕಾಣಬೇಕು, ಅಷ್ಟೇ. ವಿಮಾನ ಬರುವುದು ತಡವಾಯಿತು. ಅಲ್ಲಿಯವರೆಗೆ ಕಂಡದ್ದು ಬರೀ ಹಕ್ಕಿ.

ನಾನು ಆಗಾಗ ಅಲ್ಲಿಗೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದೆ. ಮೊಣಕಾಲುದ್ದ ಹುಲ್ಲು, ನಡುವೆ ಒಂದು ಸಣ್ಣ ಕಟ್ಟೆ, ದಂಡೆಯ ಮೇಲೆ ಆಲದ ಜಾತಿಯ ಒಂದು ದೊಡ್ಡ ಗೋಣಿ ಮರ. ಬೆಳಕು ಹರಿಯುವ ಹೊತ್ತಿಗೆ ನವಿಲು ಕೂಗುತ್ತಿತ್ತು. ಕಟ್ಟೆಯಲ್ಲಿ ಬೆಳ್ಳಕ್ಕಿ, ಹುಲ್ಲಿನಲ್ಲಿ ಗೌಜಲಕ್ಕಿ, ಮೊಲ, ಮೇಲೆ ಸುತ್ತುವ ಹದ್ದು. ಗೋಣಿ ಮರದಲ್ಲಿ ಕಾಗೆಗಳ ಊರೇ ಇತ್ತು. ರಾಯರ ಅನ್ನಕ್ಕೆ ಅಲ್ಲೂ ಕೊರತೆ ಇರಲಿಲ್ಲ. ಅಕ್ಕನಿಗೆ ಬಹಳ ಇಷ್ಟವಾಗಿದ್ದು ಟಿಟ್ಟಿಭ. ಕಣ್ಣ ಮುಂದೆ ಕೆಂಪು ತುಂಡು ಅಂಟಿಸಿಕೊಂಡ ಹಾಗಿರುವ, ಯಾರು ಹತ್ತಿರ ಹೋದರೂ ಊರಿಗೆಲ್ಲ ಕೇಳುವಂತೆ ಚೀರುವ ಹಕ್ಕಿ. "ನೋಡಮ್ಮ, ಥೇಟ್ ನಮ್ಮ ಖಜಾಂಚಿ. ಯಾರೂ ಏನೂ ಕೇಳೋಕೆ ಮುಂಚೇನೇ ಕೂಗ್ತಾನೆ," ಎನ್ನುತ್ತಿದ್ದರು ಅಕ್ಕ.

ಆಮೇಲೆ ಬುಲ್ಡೋಜರು ಬಂತು. ಹುಲ್ಲು ಹೋಯಿತು, ಕಟ್ಟೆಗೆ ಮಣ್ಣು ಬಿತ್ತು.

ಅದೇ ಸುಮಾರಿಗೆ ಸಮಿತಿಯವರು ಊರಿನ ಸಭಾಂಗಣದಲ್ಲಿ ವಿಚಾರ ಸಂಕಿರಣ ಮಾಡಿದರು. ಕಾಲೇಜಿನ ಒಬ್ಬ ಚಿಕ್ಕ ವಯಸ್ಸಿನ ಉಪನ್ಯಾಸಕರನ್ನು ಕರೆದಿದ್ದರು, ವಿಮಾನವನ್ನು ಹೊಗಳುತ್ತಾರೆ ಎಂದುಕೊಂಡು. ಅವರು ಇಂಗಾಲದ ಹೊಗೆಯ ವಿಷಯ ತೆಗೆದರು. ವಿಮಾನ ಕಾರುವ ಹೊಗೆ ಮೇಲೆಯೇ ಉಳಿದು ಭೂಮಿ ಬಿಸಿಯಾಗುತ್ತದೆ, ಮಳೆ ಹಿಂದೆ ಮುಂದೆ ಆಗುತ್ತದೆ, ಹಕ್ಕಿ ಗೂಡು ಕಟ್ಟುವ ಕಾಲಕ್ಕೆ ಹುಳ ಸಿಗುವುದಿಲ್ಲ, ಹುಳ ಸಿಗುವ ಕಾಲಕ್ಕೆ ಮರಿ ಇರುವುದಿಲ್ಲ ಎಂದು ಮೆತ್ತಗೆ ವಿವರಿಸಿದರು. ಸಭೆ ತಣ್ಣಗಾಯಿತು. ರಾಯರು ಪೇಟ ಸರಿಮಾಡಿಕೊಂಡು ಎದ್ದರು.

"ಇಂಗಾಲದ ಬಗ್ಗೆ ಚೆನ್ನಾಗಿ ತಿಳಿಸಿದಿರಿ. ಆದರೆ ನನ್ನ ಪ್ರಶ್ನೆ ಇಷ್ಟೇ. ರಾಜಧಾನಿ ಬೆಂಗಳೂರಿಗೆ ಹೋಯ್ತು, ಕಾರ್ಖಾನೆ ಬೆಂಗಳೂರಿಗೆ ಹೋಯ್ತು. ಈಗ ಇಂಗಾಲವೂ ಬೆಂಗಳೂರಿಗೇ ಸಿಗಬೇಕೇ? ಮೈಸೂರಿನ ಪಾಲು ಮೈಸೂರಿಗೆ ಬರಲಿ!"

ಅಷ್ಟು ದೊಡ್ಡ ಚಪ್ಪಾಳೆ ಆ ಸಭಾಂಗಣದಲ್ಲಿ ನಾನು ಕೇಳಿಲ್ಲ. ಉಪನ್ಯಾಸಕರಿಗೆ ಗಂಧದ ಹಾರ ಹಾಕಿ ಕಳಿಸಿದರು.

ಆದರೂ ರಾಯರ ಮನಸ್ಸಿನಲ್ಲಿ ಏನೋ ಚುಚ್ಚಿರಬೇಕು. ಹೊಗೆ ಹೀರಲಿ ಎಂದು ಬೇಲಿಯ ಉದ್ದಕ್ಕೂ ಸಮಿತಿಯಿಂದ ನೇರಳೆ, ಹೊಂಗೆ ಸಸಿ ನೆಡಿಸಿದರು. ಮುಂದಿನ ಸಭೆಗೆ ವಿಮಾನದ ವಿಷಯ ಬಲ್ಲ ಒಬ್ಬ ನಿವೃತ್ತ ಎಂಜಿನಿಯರರು ಬಂದರು. ಹಾರುವ ಹಕ್ಕಿ ಎಂಜಿನ್ನಿಗೆ ಸಿಕ್ಕಿದರೆ ಹಕ್ಕಿಯೂ ಇಲ್ಲ, ವಿಮಾನವೂ ಇಲ್ಲ ಎಂದು ವಿವರಿಸಿ, ಸಸಿಗಳನ್ನು ನೋಡಿ ಗಾಬರಿಯಾದರು. "ನೇರಳೆ ಹಣ್ಣು ಬಿಟ್ರೆ ಇಡೀ ಜಿಲ್ಲೆ ಹಕ್ಕಿ ಇಲ್ಲಿರ್ತವೆ ಸ್ವಾಮಿ!" ಸಸಿಗಳನ್ನು ಕಿತ್ತು, ಅದೇ ಗುಂಡಿಗಳಲ್ಲಿ ಕ್ರೋಟನ್ ನೆಟ್ಟರು. 'ಗಿಡ ಇರಲಿ, ಮರ ಬೇಡ' ಎಂಬ ಫಲಕವನ್ನು ರಾಯರೇ ಬರೆದರು. ಹೊಗೆ ಹೀರಬೇಕು, ಆದರೆ ಬೆಳೆಯಬಾರದು.

ಹಕ್ಕಿಗಳಿಂದ ವಿಮಾನಕ್ಕೆ ಅಪಾಯವಿದೆ ಎಂದು ತಿಳಿದ ಮೇಲೆ ಸಮಿತಿ ಸುಮ್ಮನೆ ಕೂರಲಿಲ್ಲ. ಯಾರೂ ಕೇಳದಿದ್ದರೂ 'ಪಕ್ಷಿ ನಿವಾರಣಾ ಉಪಸಮಿತಿ' ರಚಿಸಿತು. ವಿಮಾನದವರು ಬಂದು ನೋಡಿದಾಗ ಮೈಸೂರಿನ ಆಕಾಶ ಗುಡಿಸಿಟ್ಟ ಅಂಗಳದ ಹಾಗಿರಬೇಕು ಎಂಬುದು ಖಜಾಂಚಿಯ ಮಾತು. ಅಧ್ಯಕ್ಷರು ಯಾರು? ರಾಯರೇ.

ಮೊದಲು ಡಬ್ಬ ಬಡಿದರು. ಆಮೇಲೆ ಖಜಾಂಚಿ ಎಲ್ಲಿಂದಲೋ ಒಂದು ದೊಡ್ಡ ಪ್ಲಾಸ್ಟಿಕ್ ಗರುಡ ತಂದು ಬಿದಿರು ಗಳಕ್ಕೆ ಕಟ್ಟಿ ಬೇಲಿಯ ಬಳಿ ನಿಲ್ಲಿಸಿದರು, ಅದನ್ನು ನೋಡಿ ಹಕ್ಕಿಗಳು ಹೆದರಲೆಂದು. ಹಕ್ಕಿಗಳು ಹೆದರಿದವೋ ಇಲ್ಲವೋ, ಶನಿವಾರ ಹಾಲು ಹಾಕಲು ಬಂದ ಪಕ್ಕದ ಹಳ್ಳಿಯ ಹೆಂಗಸರು ಗರುಡ ದರ್ಶನವಾಯಿತೆಂದು ಕೆನ್ನೆ ಬಡಿದುಕೊಂಡರು. ಮುಂದಿನ ಶನಿವಾರ ಗಳಕ್ಕೆ ಅರಿಸಿನ ಕುಂಕುಮ ಬಂತು, ಅದರ ಮುಂದಿನ ಶನಿವಾರ ತೆಂಗಿನಕಾಯಿ. ಒಡೆದ ಕಾಯಿಚೂರಿಗೆ, ಪ್ರಸಾದದ ಮೊಸರನ್ನಕ್ಕೆ ಗೋಣಿ ಮರದ ಕಾಗೆಗಳೆಲ್ಲ ಗರುಡನ ಕಾಲ ಬಳಿಯೇ ಸೇರಿದವು. ಕೊನೆಗೆ 'ಇಲ್ಲಿ ಪೂಜೆ ನಿಷೇಧಿಸಲಾಗಿದೆ' ಎಂದು ಇನ್ನೊಂದು ಫಲಕ ಬರೆಯಬೇಕಾಯಿತು. ಅದನ್ನೂ ರಾಯರೇ ಬರೆದರು.

ಕೈಲಾಗದೆ ಪಟಾಕಿಗೆ ಇಳಿದರು. ದೀಪಾವಳಿಗೆ ಮಿಕ್ಕಿದ ಆಟಂ ಬಾಂಬುಗಳನ್ನು ಊರೆಲ್ಲ ಸುತ್ತಿ ಸಂಗ್ರಹಿಸಿ, ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೊಡೆದರು. ಯಾರೂ ಅನ್ನ, ಕಾಳು, ಮುಸುರೆ ಬಯಲಿನಲ್ಲಿ ಹಾಕಬಾರದೆಂದು ಬಡಾವಣೆಯ ಮನೆಮನೆಗೂ ಕರಪತ್ರ ಹೋಯಿತು. ಅಂದು ನಾನು ಅಲ್ಲೇ ಇದ್ದೆ. ಅಕ್ಕ ಕರಪತ್ರ ಓದಿ ಗಂಡನ ಮುಖ ನೋಡಿದರು.

"ಹಾಗಾದ್ರೆ ನಾಳೆಯಿಂದ ಕಾಗೆಗೆ ಇಡೋ ಹಾಗಿಲ್ವಾ?"

"ಕಾಗೆ ಪಕ್ಷಿ ಅಲ್ಲ ಕಣೇ."

"ಮತ್ತೇನು, ಹಸುನಾ?"

"ಪಿತೃಗಳು. ಇದು ಪಕ್ಷಿಗಳಿಗೆ ಮಾತ್ರ ಅನ್ವಯಿಸುತ್ತೆ."

"ಪಟಾಕಿ ಹೊಡೆಯೋರಿಗೆ ಅದನ್ನ ಹೇಳಿದೀರಾ? ಗುರಿ ನೋಡಿ ಪಿತೃಗಳನ್ನ ಬಿಟ್ಟು ಹೊಡೀರಿ ಅಂತ?"

ರಾಯರು ಪೇಪರಿನ ಹಿಂದೆ ಮರೆಯಾದರು.

ಆ ಬೇಸಿಗೆಯಲ್ಲಿ ಇನ್ನೊಂದು ನಡೆಯಿತು. ಬೇಲಿಯ ಆಚೆ ಜಲ್ಲಿ ಸುರಿದಿದ್ದ ಕಡೆ ಟಿಟ್ಟಿಭವೊಂದು ಮೊಟ್ಟೆ ಇಟ್ಟಿತ್ತು. ಗೂಡು ಎನ್ನುವಂಥದ್ದೇನೂ ಇಲ್ಲ, ಜಲ್ಲಿಯ ನಡುವೆ ಜಲ್ಲಿಯಂಥದೇ ಮೊಟ್ಟೆ. ಬಿಸಿಲು ಏರಿದಾಗ ಅದು ಎಲ್ಲೋ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತಿತ್ತು. ಕಟ್ಟೆ ಮುಚ್ಚಿದ ಮೇಲೆ ನೀರಿಗೆ ಎಷ್ಟು ದೂರ ಹೋಗುತ್ತಿತ್ತೋ. ಅಕ್ಕ ದಿನಾ ಬೇಲಿಗೆ ಮುಖ ಒತ್ತಿ ನೋಡುತ್ತಿದ್ದರು. ರೋಲರು ಆ ಕಡೆಗೇ ಬರುತ್ತಿದೆ ಎಂದು ಗೊತ್ತಾದಾಗ, ಮರಿ ಆಗುವವರೆಗೆ ಆ ಮೂಲೆಯೊಂದನ್ನು ಬಿಟ್ಟು ಕೆಲಸ ಮಾಡಲು ಹೇಳಿ ಎಂದು ರಾಯರನ್ನು ಕೇಳಿಕೊಂಡರು.

"ನಾನು ಹೇಳಿದ್ರೆ ಕೇಳ್ತಾರೆ. ಆದರೆ ಕ್ರಮ ಅಂತ ಒಂದಿದೆ. ಭಾನುವಾರ ಸಭೆಯಲ್ಲಿಡ್ತೀನಿ," ಎಂದರು ರಾಯರು.

ರೋಲರು ಶುಕ್ರವಾರ ಬಂತು. ಹಕ್ಕಿ ರೋಲರಿನ ಮುಂದೆ ರೆಕ್ಕೆ ಅಗಲಿಸಿ ನಿಂತು ಚೀರಿತಂತೆ. ಕೊನೆಯ ಗಳಿಗೆಯಲ್ಲಿ ಹಾರಿತಂತೆ. ಸಂಜೆಯವರೆಗೂ ಅದೇ ಜಾಗದ ಮೇಲೆ ಸುತ್ತಿತಂತೆ. ಭಾನುವಾರದ ಸಭೆಗೆ ಅಕ್ಕ ವಡೆ ಮಾಡಲಿಲ್ಲ. ಬಿಸ್ಕತ್ತು ಕಳಿಸಿದರು. ರಾಯರು ಬಿಸ್ಕತ್ತನ್ನೂ ತಲೆ ವಾರೆ ಮಾಡಿ ನೋಡಿ, ಕೆಳಗಿಟ್ಟರು.

ಮಳೆಗಾಲ ಕಳೆಯುವಷ್ಟರಲ್ಲಿ ಗೋಣಿ ಮರ ಬಿತ್ತು. ಅದು ವಿಮಾನದ ದಾರಿಗೆ ಅಡ್ಡ ಎಂದು ಸಮಿತಿಯೇ ಮನವಿ ಕೊಟ್ಟಿತ್ತು. ಮರ ಬಿದ್ದ ದಿನ ಕಾಗೆಗಳು ಬಡಾವಣೆಯ ಮೇಲೆ ಕಪ್ಪು ಬಟ್ಟೆ ಒದರಿದ ಹಾಗೆ ಸುತ್ತಿ, ಎಲ್ಲಿಗೋ ಹೋದವು.

ಆ ವರ್ಷವೇ ಪರೀಕ್ಷೆಗೆಂದು ಒಂದು ವಿಮಾನ ಬರುವುದು ನಿಶ್ಚಯವಾಯಿತು. ದಿನ ಗೊತ್ತಾದಾಗ ರಾಯರು ಪಂಚಾಂಗ ತೆಗೆದು ನೋಡಿದರು. ಅದೇ ದಿನ ಅಣ್ಣಯ್ಯನ ತಿಥಿ. ತಿಥಿಯನ್ನು ಬದಲಾಯಿಸುವಂತಿಲ್ಲ, ವಿಮಾನವನ್ನೂ. ಬೆಳಗ್ಗೆ ಬೇಗ ಶುರು ಮಾಡಿ ಮುಗಿಸಿಕೊಂಡು ಬರುವುದು, ಖಜಾಂಚಿ ನಾದಸ್ವರದವರ ಜೊತೆ ಹಾರ ಹಿಡಿದು ಕಾಯುವುದು ಎಂದು ತೀರ್ಮಾನವಾಯಿತು.

ಅಂದು ಹೊತ್ತು ಏರಿದ ಮೇಲೆ ಅಕ್ಕನ ಫೋನು ಬಂತು.

"ನಿಮ್ಮ ಹಿತ್ತಲಲ್ಲಿ ಕಾಗೆ ಇದಾವೇನಮ್ಮ?"

"ಯಾಕಕ್ಕ?"

"ಇದಾವಾ ಇಲ್ವಾ, ಅದು ಹೇಳು ಮೊದಲು."

ಅಡುಗೆಮನೆ ಕಿಟಕಿಯಿಂದ ಬಗ್ಗಿ ನೋಡಿದೆ. ಹಲಸಿನ ಮರದಲ್ಲಿ ಎಂದಿನ ಸಂತೆ. "ಇದಾವೆ," ಅಂದೆ.

"ಹಿಡ್ಕೊಂಡಿರು. ಇವರು ಬರ್ತಿದಾರೆ."

ಆಮೇಲೆ ಗೊತ್ತಾಯಿತು. ಪಿಂಡ ಇಟ್ಟು ಕಾಂಪೌಂಡಿನ ಬಳಿ ಗಂಟಲು ಹರಿಯುವಂತೆ ಕೂಗಿದ್ದಾರೆ. ಒಂದು ಕಾಗೆ ಇಲ್ಲ. ವಿಮಾನ ಬರುವ ದಿನವೆಂದು ಉಪಸಮಿತಿಯವರು ಬೆಳಗಿನಿಂದ ಪಟಾಕಿಯ ಸರಕ್ಕೆ ಸರ ಹಚ್ಚುತ್ತಿದ್ದರು. ಗುಬ್ಬಿ ಕೂಡ ಇರಲಿಲ್ಲ. ಪುರೋಹಿತರು ಗಡಿಯಾರ ನೋಡಿಕೊಂಡು, "ಹೋಗಲಿ, ದರ್ಭೆಯಲ್ಲೇ ಒಂದು ಕಾಗೆ ಮಾಡಿ ಮುಟ್ಟಿಸಿಬಿಡೋಣ. ಅದಕ್ಕೂ ಅವಕಾಶ ಇದೆ," ಎಂದಿದ್ದಾರೆ. ಅಕ್ಕ ಒಳಗಿನಿಂದಲೇ, "ಆಚೆ ಪ್ಲಾಸ್ಟಿಕ್ ಗರುಡ, ಒಳಗೆ ಹುಲ್ಲಿನ ಕಾಗೆ. ನಾಳೆ ಅಣ್ಣಯ್ಯನವರ ಜಾಗದಲ್ಲೂ ಒಂದು ಗೊಂಬೆ ಕೂರಿಸಿ," ಎಂದರಂತೆ. ಬೆಟ್ಟಕ್ಕೆ ಹೋಗೋಣವೇ ಎಂದರೆ ಅಲ್ಲಿ ಕೋತಿಗಳು. ಅಣ್ಣಯ್ಯನ ಪಾಲು ಅವುಗಳ ಪಾಲಾಗುತ್ತದೆ. ಕೊನೆಗೆ ರಾಯರು ಎಲೆಯನ್ನು ಎರಡು ಕೈಯಲ್ಲಿ ಹಿಡಿದು ಆಟೋ ಹತ್ತಿದ್ದಾರೆ.

ಕಾಗೆಗಳನ್ನು ಹಿಡಿದುಕೊಂಡಿರುವುದು ಹೇಗೆ? ನಾನು ರೊಟ್ಟಿ ತಂದು ಎಸೆಯಲು ಹೋದೆ. ಊಟಕ್ಕೆ ಬಂದಿದ್ದ ನಮ್ಮ ಯಜಮಾನರು ತಡೆದರು. "ನೀನು ಹೊಟ್ಟೆ ತುಂಬಿಸಿಬಿಟ್ರೆ ರಾಯರ ಪಿಂಡ ಯಾರು ತಿನ್ನಬೇಕು?" ಹಾಗಾಗಿ ಎಸೆಯದೆ, ಬರೀ ತೋರಿಸುತ್ತ, ಕೈಯಲ್ಲಿ ರೊಟ್ಟಿ ಹಿಡಿದು ಮರದ ಕೆಳಗೆ ನಿಂತೆ. ಕಾಗೆಗಳು ನನ್ನ ಬಗ್ಗೆ ಏನೆಂದುಕೊಂಡವೋ.

ಆಟೋ ಬಂತು. ಒದ್ದೆ ಪಂಚೆಯ ರಾಯರು ಬೆವೆತು ಇಳಿದರು. ಆಟೋದವನು ನನ್ನ ಕಡೆ ತಿರುಗಿ, "ದಟ್ಟಗಳ್ಳಿ ಪೂರ್ತಿ ಸುತ್ಸುದ್ರು ಕಣಮ್ಮ, ಕಾಗೆ ಹುಡುಕ್ಕೊಂಡು. ಎಲ್ಲಾ ಹೊಸಾ ಮನೆ, ಒಂದ್ ಮರ ಇಲ್ಲ, ಕಾಗೆ ಎಲ್ ಕೂತ್ಕತದೆ? ಬ್ರೇಕ್ ಹಾಕ್ಬ್ಯಾಡ, ಎಲೆ ಅಲ್ಲಾಡ್ತದೆ ಅಂದ್ರು. ಸಿಗ್ನಲ್ಲಲ್ಲೂ ಅಂಗೇ ನುಗ್ಸ್ಕೊಂಡು ಬಂದ್ಬುಟ್ಟೆ," ಎಂದ.

"ನಮ್ಮ ಹಿತ್ತಲು ನಿಮ್ಮ ಮಡಿಗೆ ಆಗುತ್ತಾ ರಾಯರೇ?" ಎಂದೆ.

"ಕಾಗೆ ಎಲ್ಲಿದೆಯೋ ಅಲ್ಲೇ ನಮ್ಮ ಅಣ್ಣಯ್ಯ ಕಣಮ್ಮ," ಎಂದವರೇ ಒಗೆಯುವ ಕಲ್ಲಿಗೆ ನೀರು ಚೆಲ್ಲಿ ಎಲೆ ಇಟ್ಟರು. "ಕಾ ಕಾ... ಬನ್ನಿ ಅಣ್ಣಯ್ಯ, ತಪ್ಪಾಯ್ತು, ಬಹಳ ಹೊತ್ತಾಯ್ತು."

ಒಂದು ಕಾಗೆ ಇಳಿಯಿತು. ಕಲ್ಲಿನ ಅಂಚಿಗೆ ಕೂತಿತು. ಕುಪ್ಪಳಿಸಿ ಒಂದು ಹೆಜ್ಜೆ ಹತ್ತಿರ ಬಂತು. ಕೊಕ್ಕು ಬಗ್ಗಿಸಿತು. ರಾಯರ ಕಣ್ಣು ತುಂಬಿತ್ತು.

ಆಗ ಸದ್ದು ಬಂತು. ನಿಜವಾದದ್ದೇ. ಊರು ನೋಡಲೆಂದೋ ಏನೋ, ಆ ವಿಮಾನ ಇಳಿಯುವ ಮುಂಚೆ ಒಂದು ಸುತ್ತು ಹಾಕಿ ನಮ್ಮ ಹಲಸಿನ ಮರದ ತಲೆ ಸವರಿತೋ ಎನ್ನುವ ಹಾಗೆ ಹೋಯಿತು. ಮರದಲ್ಲಿದ್ದವು, ಕಲ್ಲಿನ ಮೇಲಿದ್ದದ್ದು, ಎಲ್ಲ ಕಾಗೆಗಳೂ ಒಟ್ಟಿಗೆ ಎದ್ದು ದಿಕ್ಕಾಪಾಲಾದವು.

ವರ್ಷಗಟ್ಟಲೆ ಕರೆದ ವಿಮಾನ ಕೊನೆಗೂ ಬಂದಾಗ ರಾಯರು ಹುಬ್ಬಿನ ಮೇಲೆ ಕೈ ಹಿಡಿಯಲಿಲ್ಲ. ಎರಡೂ ಕೈ ಮೇಲೆತ್ತಿ, ಹೊಲಕ್ಕೆ ನುಗ್ಗಿದ ದನವನ್ನು ಅಟ್ಟುವ ಹಾಗೆ ಬೀಸುತ್ತ ಹಿತ್ತಲ ತುಂಬ ಓಡಿದರು.

"ಏಯ್! ಹೋಗಯ್ಯಾ ಆ ಕಡೆ! ಹೊತ್ತುಗೊತ್ತು ಇಲ್ವೇನಯ್ಯಾ ನಿನಗೆ? ಅಣ್ಣಯ್ಯ ಊಟಕ್ಕೆ ಕೂತಿದಾರೆ!"

ವಿಮಾನ ಹೋಯಿತು. ರಾಯರು ಹಲಸಿನ ಬುಡದಲ್ಲಿ ಕುಕ್ಕರಿಸಿದರು. ಅಲ್ಲಿ ನಂಜನಗೂಡು ರಸ್ತೆಯಲ್ಲಿ ನಾದಸ್ವರ ಊದುತ್ತಿತ್ತಂತೆ, ಖಜಾಂಚಿ ಅಧ್ಯಕ್ಷರ ಹಾರವನ್ನೂ ತಾವೇ ಹಾಕಿಕೊಂಡರಂತೆ. ಇಲ್ಲಿ ನಾವು ಮರದ ಕಡೆ ನೋಡುತ್ತ ನಿಂತೆವು. ನೆರಳು ಸರಿದು, ಹಸಿವಿಗೆ ನನಗೇ ತಲೆ ಸುತ್ತು ಬರುವ ಹೊತ್ತಿಗೆ ಕಾಗೆಗಳು ಒಂದೊಂದಾಗಿ ಬಂದು ಎಲೆ ಮುಟ್ಟಿದವು.

"ಅಂತೂ ಬಂತಲ್ಲಮ್ಮ," ಎಂದರು ರಾಯರು.

"ಯಾವುದು ರಾಯರೇ, ಕಾಗೆನಾ, ವಿಮಾನನಾ?" ಎಂದರು ನಮ್ಮ ಯಜಮಾನರು. ರಾಯರು ಪಂಚೆಯ ಮಣ್ಣು ಕೊಡವಿಕೊಂಡು ಎದ್ದರು.

ಆಮೇಲೆ ಅವರು ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಸಮಿತಿಗೆ ರಾಜೀನಾಮೆ ಕೊಡಲಿಲ್ಲ. ಮಧ್ಯಾಹ್ನ ಊಟದ ಹೊತ್ತು ಪಟಾಕಿ ನಿಲ್ಲಿಸಬೇಕೆಂದು ಮಾತ್ರ ಸಭೆಯಲ್ಲಿಟ್ಟರು. "ಆಗಲಿ ಸಾರ್, ಆದರೆ ಆ ಟೈಮಿಗೇ ಬನ್ನಿ ಅಂತ ಕಾಗೆಗೆ ಹೇಳೋದು ಯಾರು?" ಎಂದರು ಖಜಾಂಚಿ. ವಿಷಯವನ್ನು ಪರಿಶೀಲನೆಗೆ ಇಡಲಾಯಿತು. ಪರಿಶೀಲನೆ ಎಂದರೆ ಏನೆಂದು ಶಿರಸ್ತೇದಾರರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಪ್ರತಿ ಅಮಾವಾಸ್ಯೆ ಎಲೆ ಹಿಡಿದು ನಮ್ಮ ಹಿತ್ತಲಿಗೆ ಬರತೊಡಗಿದರು. ಮತ್ತೆ, ಯಾರಿಗೂ ಹೇಳದೆ, ಹೊಸ ಮನೆಯ ಹಿಂದೆ ಒಂದು ಗೋಣಿ ಕೊಂಬೆ ತಂದು ನೆಟ್ಟರು. ಅದು ಚಿಗುರಿತು. ಸಮಿತಿಯವರು ಬಂದು, ಅಧ್ಯಕ್ಷರೇ ಹೀಗೆ ಮಾಡಿದರೆ ಹೇಗೆ, ಮರ ಬೇಡ ಎಂದವರು ನೀವೇ ಅಲ್ಲವೇ ಎಂದು ಕೇಳಿದಾಗ ಅವರ ಉತ್ತರ ಸಿದ್ಧವಿತ್ತು:

"ಇದು ಗಿಡ ಕಣ್ರಯ್ಯ. ಮರ ಆದಾಗ ನೋಡೋಣ."

ಅದು ಮರವಾಗುವವರೆಗೆ ಅವರು ಇರಲಿಲ್ಲ. ಸಂತಾಪ ಸಭೆಯಲ್ಲಿ ಖಜಾಂಚಿ, ರಾಯರ ಆತ್ಮಕ್ಕೆ ಶಾಂತಿ ಸಿಗಬೇಕಾದರೆ ರನ್‌ವೇ ಇನ್ನೂ ಉದ್ದವಾಗಬೇಕು, ಅದಕ್ಕಾಗಿ ಹೋರಾಡುತ್ತೇವೆ ಎಂದು ಗದ್ಗದರಾಗಿ ಹೇಳಿದರು. ಪಕ್ಕದಲ್ಲಿ ಕೂತಿದ್ದ ಅಕ್ಕ ನನ್ನ ಕಿವಿಯಲ್ಲಿ, "ಇನ್ನೂ ಉದ್ದ ಆದ್ರೆ ಅದು ನಮ್ಮ ಅಡುಗೆಮನೆಗೇ ಬರುತ್ತೆ ಕಣಮ್ಮ. ಗೋಣಿ ಗಿಡ ಮೊದಲು ಹೋಗುತ್ತೆ," ಎಂದರು.

ಕಳೆದ ವಾರ ತಿಥಿಯ ದಿನ ಅದೇ ಕಥೆ. ರಾಯರ ಮಗ, ಇಲ್ಲೇ ಊರಲ್ಲಿ ಹೈಸ್ಕೂಲು ಮೇಷ್ಟ್ರು, ಅಲ್ಲಿ ಕೂಗಿ ಕೂಗಿ ಸೋತ. ಗೋಣಿ ಗಿಡ ಕಿಟಕಿಯೆತ್ತರ ಬಂದಿದೆ, ಆದರೆ ಕಾಗೆ ಕೂರುವಷ್ಟು ಕೊಂಬೆ ಇನ್ನೂ ಗಟ್ಟಿಯಾಗಿಲ್ಲ. ಪುರೋಹಿತರು ದರ್ಭೆಗೆ ಕೈ ಹಾಕಿದರು. ಅಕ್ಕ ಒಳಗಿನಿಂದ ಎದ್ದು ಬಂದರು. ಎಲೆ ಎತ್ತಿಕೊಂಡು ಆಟೋ ಕರೆಯಲು ಹೇಳಿದರು.

ಒಗೆಯುವ ಕಲ್ಲನ್ನು ನಾನು ಬೆಳಗ್ಗೆಯೇ ತೊಳೆದಿಟ್ಟಿದ್ದೆ. ಎಲೆಯಲ್ಲಿ ಪಿಂಡದ ಪಾಲು, ಪಾಯಸ, ಪಲ್ಯ, ತಿಥಿಯ ವಡೆ. ಮಗ ಕೈಮುಗಿದು ನಿಂತ. ಹಲಸಿನ ಮರದಿಂದ ಒಂದು ದಪ್ಪ ಕಾಗೆ ಇಳಿಯಿತು. ಅನ್ನದ ಕಡೆ ನೋಡಲಿಲ್ಲ, ಪಾಯಸದ ಕಡೆ ನೋಡಲಿಲ್ಲ. ತಲೆ ವಾರೆ ಮಾಡಿ ವಡೆಯನ್ನು ಒಮ್ಮೆ ನೋಡಿ, ಕಚ್ಚಿಕೊಂಡಿತು. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು, ನಗುವಿಗೋ ಅಳುವಿಗೋ ತಿಳಿಯಲಿಲ್ಲ.

ಅಷ್ಟರಲ್ಲಿ ಗುರ್ರ್ ಎಂದು ಸದ್ದಾಯಿತು. ಮೇಲೆ ನೋಡುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಕಾಗೆ ವಡೆಯನ್ನು ಕೆಳಗಿಟ್ಟಿತು. ಕೊಕ್ಕು ಅರೆ ತೆರೆದು, ಕತ್ತು ಉದ್ದ ಮಾಡಿ, ಒಂದೇ ಕಣ್ಣಿನಲ್ಲಿ ಆಕಾಶವನ್ನು ನೋಡಿತು.

ಅಕ್ಕ ಸೆರಗು ತೆಗೆದು, ಎಂದಿನ ದನಿಯಲ್ಲಿ ಹೇಳಿದರು:

"ಮಿಕ್ಸಿ ಕಣ್ರೀ, ವಿಮಾನ ಅಲ್ಲ. ತಿನ್ನಿ, ಆರ್ತಿದೆ."